ತೊಗಟೆ ಕೊಟ್ಟೂ ಬದುಕುವ ಮರ

ಮಸಾಲೆ ಡಬ್ಬಿ ತೆರೆದು ನೋಡಿ. ಜೀರಿಗೆ, ಕೊತ್ತಂಬರಿ, ಸಾಸಿವೆ, ಕಾಳುಮೆಣಸು, ಏಲಕ್ಕಿ ಎಲ್ಲ ಬೀಜವೋ ಕಾಯಿಯೋ. ಲವಂಗ ಅರಳದ ಮೊಗ್ಗು. ಜಾಯಿಪತ್ರೆ ಬೀಜದ ಮೇಲಿನ ಹೊದಿಕೆ. ಇವೆಲ್ಲ ಗಿಡ ಹೇಗೂ ಉದುರಿಸುವಂಥವೇ. ನಾವು ಸ್ವಲ್ಪ ಮುಂಚೆ ಹೋಗಿ ಕೊಯ್ದುಕೊಳ್ಳುತ್ತೇವೆ, ಅಷ್ಟೆ. ಚಕ್ಕೆ ಮಾತ್ರ ಹಾಗಲ್ಲ. ಅದು ಮರದ ತೊಗಟೆ. ಅದನ್ನು ಯಾರಿಗೂ ಕೊಡುವ ಉದ್ದೇಶ ಮರಕ್ಕೆ ಇಲ್ಲ.

ತೊಗಟೆಯಲ್ಲಿ ಎರಡು ಪದರ. ಹೊರಗಿನದು ಒರಟು, ಸತ್ತ ಪದರ. ಅದರ ಒಳಗೆ ಇರುವುದು ಜೀವಂತ ಪದರ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವ ದಾರಿ ಅದೇ. ಕಾಂಡದ ಸುತ್ತ ಒಂದು ಪಟ್ಟಿಯಷ್ಟು ಒಳತೊಗಟೆ ಪೂರ್ತಿ ತೆಗೆದುಬಿಟ್ಟರೆ ಮರ ತಕ್ಷಣ ಸಾಯುವುದಿಲ್ಲ. ಮೇಲೆ ಎಲೆ ಹಸಿರಾಗಿಯೇ ಇರುತ್ತದೆ. ಕೆಳಗೆ ಬೇರು ಉಪವಾಸ ಬಿದ್ದಿರುತ್ತದೆ. ನಿಧಾನಕ್ಕೆ ಇಡೀ ಮರ ಒಣಗುತ್ತದೆ. ಕಾಫಿ ತೋಟದಲ್ಲಿ ಬೇಡದ ಮರವನ್ನು ಸದ್ದಿಲ್ಲದೆ ಸಾಯಿಸಬೇಕಾದರೆ ಮಾಡುವ ಉಪಾಯವೂ ಇದೇ.

ನಮಗೆ ಬೇಕಾದ ಪರಿಮಳ ಕೂತಿರುವುದು ಸರಿಯಾಗಿ ಆ ಜೀವಂತ ಪದರದಲ್ಲಿ. ದಾಲ್ಚಿನ್ನಿಗೆ ಆ ಘಮ, ಆ ಸಿಹಿಯಾದ ಖಾರ ಕೊಡುವ ಸಿನ್ನಮಾಲ್ಡಿಹೈಡ್ ಎಂಬ ಎಣ್ಣೆಯಂಥ ವಸ್ತು ಒಳತೊಗಟೆಯ ಜೀವಕೋಶಗಳಲ್ಲಿ ಇರುತ್ತದೆ. ಶಿಲೀಂಧ್ರ, ಹುಳಹುಪ್ಪಟೆ ಹತ್ತಿರ ಬರದ ಹಾಗೆ ಮರ ಮಾಡಿಕೊಂಡ ಏರ್ಪಾಡು ಅದು. ಹುಳಕ್ಕೆ ಸೇರದ್ದು ನಮ್ಮ ನಾಲಿಗೆಗೆ ಹಿಡಿಸಿತು. ಹಾಗಾಗಿ ತೊಗಟೆಯ ಮಸಾಲೆ, ತೊಗಟೆಯ ಮದ್ದು ಅಂದ ಕೂಡಲೇ ನನಗೆ ಕೇಳಬೇಕು ಅನ್ನಿಸುವುದು ಒಂದೇ. ತೆಗೆದ ಮೇಲೆ ಮರ ಏನಾಯಿತು?

ಈ ಪ್ರಶ್ನೆಗೆ ಅತ್ಯಂತ ಜಾಣ ಉತ್ತರ ಕಂಡುಕೊಂಡವರು ಶ್ರೀಲಂಕಾದವರು. ಗಾಲ್ ಹತ್ತಿರದ ಕೊಗ್ಗಲ ಸರೋವರದ ನಡುವೆ ಒಂದು ಪುಟ್ಟ ದ್ವೀಪ ಇದೆ. ಪ್ರವಾಸಿಗರನ್ನು ದೋಣಿಯಲ್ಲಿ ಕರೆದುಕೊಂಡು ಹೋಗಿ ದಾಲ್ಚಿನ್ನಿ ಸುಲಿಯುವುದನ್ನು ತೋರಿಸುತ್ತಾರೆ. ಪ್ರವಾಸಿಗರಿಗೆ ತೋರಿಸುವ ಕೆಲಸ ಅಂದರೆ ನನಗೆ ಮೊದಲಿಂದ ಸ್ವಲ್ಪ ಅನುಮಾನ. ಆದರೆ ಅಲ್ಲಿ ನೆಲದ ಮೇಲೆ ಕೂತಿದ್ದ ಹಿರಿಯರ ಕೈ ನೋಡುತ್ತಾ ನನ್ನ ಜೊತೆ ಬಂದವರೆಲ್ಲ ಮುಂದೆ ಹೋದದ್ದೇ ಗೊತ್ತಾಗಲಿಲ್ಲ.

ಕೆಲಸ ಶುರುವಾಗುವುದು ಕೂತಲ್ಲಿ ಅಲ್ಲ, ಗಿಡದ ಬುಡದಲ್ಲಿ. ದಾಲ್ಚಿನ್ನಿಯನ್ನು ಅದರ ಪಾಡಿಗೆ ಬಿಟ್ಟರೆ ಹತ್ತು ಹದಿನೈದು ಮೀಟರ್ ಎತ್ತರದ ಮರವಾಗುತ್ತದೆ. ಅಲ್ಲಿ ಅದನ್ನು ಮರವಾಗಲು ಬಿಡುವುದೇ ಇಲ್ಲ. ಎಳೆಯದಾಗಿದ್ದಾಗಲೇ ನೆಲದಿಂದ ಸುಮಾರು ಒಂದು ಗೇಣು ಬಿಟ್ಟು ಕಡಿಯುತ್ತಾರೆ. ಬುಡಕ್ಕೆ ಮಣ್ಣು ಏರಿಸುತ್ತಾರೆ. ಕಡಿದ ಬುಡದಿಂದ ನಾಲ್ಕಾರು ಚಿಗುರು ಒಟ್ಟಿಗೆ ಏಳುತ್ತವೆ. ನೆಟ್ಟಗೆ ಬೆಳೆಯುವ ಚಿಗುರು ಇಟ್ಟುಕೊಂಡು ಉಳಿದದ್ದು ಸವರುತ್ತಾರೆ. ಒಂದೂವರೆ ಎರಡು ವರ್ಷಕ್ಕೆ ಅವು ಹೆಬ್ಬೆರಳಿಗಿಂತ ದಪ್ಪ ಕೋಲುಗಳಾಗುತ್ತವೆ. ಆಗ ಕೋಲು ಕಡಿಯುತ್ತಾರೆ. ಬುಡ ಮತ್ತೆ ಚಿಗುರುತ್ತದೆ. ಬೇರಿಗೆ ಏನೂ ಆಗುವುದಿಲ್ಲ. ಹೀಗೆ ಒಂದೇ ಬುಡ ಹತ್ತಾರು ವರ್ಷ ಕೋಲು ಕೊಡುತ್ತಾ ಹೋಗುತ್ತದೆ.

ಕಡಿಯಲು ಕಾಲ ನೋಡಬೇಕು. ದಾಲ್ಚಿನ್ನಿಯ ಹೊಸ ಚಿಗುರು ಕೆಂಪಗೆ ಬರುತ್ತದೆ, ದೂರಕ್ಕೆ ಹೂ ಬಿಟ್ಟಿದೆ ಅನ್ನಿಸುವಷ್ಟು ಕೆಂಪು. ಆಗ ಕಡಿದರೆ ತೊಗಟೆ ಬಿಡುವುದಿಲ್ಲ. ಮಳೆ ಬಿದ್ದು, ಆ ಕೆಂಪು ಹೋಗಿ ಎಲೆ ಹಸಿರಾದ ಮೇಲೆ ಒಳಗೆ ಹೊಸ ಜೀವಕೋಶಗಳು ಮೆತ್ತಗೆ ತುಂಬಿಕೊಂಡಿರುತ್ತವೆ. ಆಗ ಒಳತೊಗಟೆಗೂ ಕಟ್ಟಿಗೆಗೂ ಹಿಡಿತ ಸಡಿಲ. ಅದಕ್ಕೇ ವರ್ಷದಲ್ಲಿ ಎರಡು ಸಲ, ಮಳೆಯ ಹಿಂದೆಯೇ ಸುಗ್ಗಿ.

ಕೋಲು ಕಡಿದ ದಿನವೇ ಸುಲಿಯಬೇಕು. ಒಣಗಿದರೆ ಮುಗಿಯಿತು. ಆ ಹಿರಿಯರು ಮೊದಲು ಬಾಗಿದ ಕತ್ತಿಯಿಂದ ಹೊರಗಿನ ಒರಟು ಪದರವನ್ನು ಹೆರೆದು ಹಾಕಿದರು. ಆಮೇಲೆ ಹಿತ್ತಾಳೆಯ ಒಂದು ಸರಳು ತೆಗೆದುಕೊಂಡು ಕೋಲಿನ ಮೇಲೆ ಒತ್ತಿ ಒತ್ತಿ ಉಜ್ಜಿದರು. ಅದೇಕೆ ಎಂದು ಕೇಳಿದೆ. ಉಜ್ಜಿದರೆ ಒಳತೊಗಟೆ ಕಟ್ಟಿಗೆಯಿಂದ ಸಡಿಲವಾಗುತ್ತದಂತೆ. ಕಬ್ಬಿಣದಿಂದ ಉಜ್ಜಿದರೆ ಬಣ್ಣ ಕೆಡುತ್ತದಂತೆ, ಅದಕ್ಕೇ ಹಿತ್ತಾಳೆ. ನಂತರ ಕೋಲಿನ ಸುತ್ತ ಎರಡು ಕಡೆ ಗೀರು. ಆ ಎರಡು ಗೀರುಗಳ ನಡುವೆ ಉದ್ದಕ್ಕೆ ಆ ಬದಿ ಒಂದು, ಈ ಬದಿ ಒಂದು ಗೀರು. ಕತ್ತಿಯ ತುದಿಯನ್ನು ಒಳಗೆ ತೂರಿಸಿ ಮೆಲ್ಲಗೆ ಸರಿಸಿದರು. ತೊಗಟೆ ಹರಿಯದೆ ಎರಡು ಹೋಳಾಗಿ ಬಂತು. ಒಳಗಿನ ಕಟ್ಟಿಗೆ ಬೆಳ್ಳಗೆ, ಒದ್ದೆಯಾಗಿ ಉಳಿಯಿತು. ಅದು ಒಲೆಗೆ.

ಅಲ್ಲಿಗೆ ಮುಗಿಯಲಿಲ್ಲ. ಸುಲಿದ ಹೋಳುಗಳನ್ನು ಒಂದರೊಳಗೆ ಒಂದು ಇಟ್ಟು, ಉದ್ದಕ್ಕೆ ಜೋಡಿಸಿ, ತುಂಡಾದ ಚೂರುಗಳನ್ನು ಹೊಟ್ಟೆಗೆ ತುಂಬಿ ಒಂದು ಉದ್ದನೆಯ ಸುರುಳಿ ಮಾಡುತ್ತಾರೆ. ಅದರ ಉದ್ದ 42 ಇಂಚು, ವ್ಯಾಪಾರದ ಅಳತೆ ಅದು. ಬಿಸಿಲಿಗೆ ಹಾಕುವಂತಿಲ್ಲ. ಮಾಡಿನ ಕೆಳಗೆ ಹಗ್ಗ ಕಟ್ಟಿ, ಅದರ ಮೇಲೆ ನೆರಳಲ್ಲೇ ಒಣಗಿಸುತ್ತಾರೆ. ಒಣಗುತ್ತಾ ತೊಗಟೆ ತಾನೇ ಸುರುಳಿ ಬಿಗಿದುಕೊಳ್ಳುತ್ತದೆ. ಸುರುಳಿ ಎಷ್ಟು ತೆಳುವೋ ಅಷ್ಟು ಬೆಲೆ. ಎಲ್ಲಕ್ಕಿಂತ ಮೇಲಿನ ದರ್ಜೆ ‘ಆಲ್ಬಾ’. ಅದರ ದಪ್ಪ 6 ಮಿಲಿಮೀಟರ್‌ಗಿಂತ ಕಡಿಮೆ ಇರಬೇಕು. ಎಲೆಗಳೂ ದಂಡವಾಗುವುದಿಲ್ಲ. ಅವುಗಳನ್ನು ಬೇಯಿಸಿ ಎಣ್ಣೆ ಇಳಿಸುತ್ತಾರೆ. ತಮಾಷೆ ಏನೆಂದರೆ ಎಲೆಯ ಎಣ್ಣೆಗೆ ದಾಲ್ಚಿನ್ನಿ ವಾಸನೆ ಅಲ್ಲ, ಲವಂಗದ ವಾಸನೆ. ಅದರಲ್ಲಿ ಹೆಚ್ಚಿರುವುದು ಲವಂಗದಲ್ಲೂ ಇರುವ ಯೂಜಿನಾಲ್. ಬೇರಿನ ತೊಗಟೆಯಲ್ಲಿ ಕರ್ಪೂರದ ಅಂಶ. ಒಂದೇ ಗಿಡ, ಮೂರು ವಾಸನೆ.

ಇಷ್ಟೊಂದು ವಿವರ ಯಾಕೆ ಬರೆದೆ ಅಂದರೆ, ದಾಲ್ಚಿನ್ನಿಯ ಬೆಲೆಯಲ್ಲಿ ಹೆಚ್ಚಿನ ಪಾಲು ಮರದ್ದಲ್ಲ, ಈ ಕೈಗಳದ್ದು. ಆ ಕೈಗಳಿಗೆ ಇತಿಹಾಸ ಕೊಟ್ಟ ಬೆಲೆ ಮಾತ್ರ ಬಹಳ ಕಡಿಮೆ.

ಶ್ರೀಲಂಕಾದಲ್ಲಿ ಸುಲಿಯುವ ಕೆಲಸ ಸಲಾಗಮ ಎಂಬ ಜಾತಿಯವರದ್ದಾಗಿತ್ತು. ಅವರ ಹಿರಿಯರು ದಕ್ಷಿಣ ಭಾರತದ ಕರಾವಳಿಯಿಂದ ಹೋದ ನೇಕಾರರು ಎಂಬ ನಂಬಿಕೆ ಅವರಲ್ಲೇ ಇದೆ. 1505ರಲ್ಲಿ ಪೋರ್ಚುಗೀಸರು ಬಂದರು. 1656ರಲ್ಲಿ ಡಚ್ಚರು ಕೊಲಂಬೊ ಹಿಡಿದರು. 1796ರಲ್ಲಿ ಇಂಗ್ಲಿಷರು. ಮೂವರ ಕಣ್ಣೂ ಇದ್ದದ್ದು ಈ ತೊಗಟೆಯ ಮೇಲೆ. ಆಗ ದಾಲ್ಚಿನ್ನಿ ತೋಟದ ಬೆಳೆಯಾಗಿರಲಿಲ್ಲ. ಕಾಡಿಗೆ ಹೋಗಿ ಹುಡುಕಿ ತರಬೇಕಿತ್ತು. ಸಲಾಗಮರು ವರ್ಷಕ್ಕೆ ಇಷ್ಟು ತೂಕ ಎಂದು ಕಡ್ಡಾಯವಾಗಿ ಒಪ್ಪಿಸಬೇಕಿತ್ತು. ಡಚ್ಚರ ಕಾಲದಲ್ಲಿ ಕಂಪನಿಯ ಕಣ್ಣು ತಪ್ಪಿಸಿ ದಾಲ್ಚಿನ್ನಿ ಮಾರಿದರೆ ಮರಣದಂಡನೆಯವರೆಗೂ ಶಿಕ್ಷೆ ಇತ್ತು. ಒಳ್ಳೆಯ ಕಾಡೆಲ್ಲ ಕ್ಯಾಂಡಿ ರಾಜನ ಸೀಮೆಯಲ್ಲಿ. ಅವನ ಜೊತೆ ಜಗಳವಾದರೆ ಹಡಗು ಖಾಲಿ. ಕೊನೆಗೆ 1769ರಲ್ಲಿ ಫಾಲ್ಕ್ ಎಂಬ ಡಚ್ ಗವರ್ನರ್ ಕೊಲಂಬೊದಲ್ಲೇ ತೋಟ ಹಾಕಿಸಿದ. ಕಾಡಿನ ಮರ ತೋಟದ ಪೊದೆಯಾದದ್ದು ಹೀಗೆ. ಆ ಜಾಗ ಇವತ್ತು ಕೊಲಂಬೊದ ಅತಿ ದುಬಾರಿ ಬಡಾವಣೆ. ರಾಯಭಾರ ಕಚೇರಿಗಳು, ದೊಡ್ಡ ದೊಡ್ಡ ಬಂಗಲೆಗಳು. ಹೆಸರಿನಲ್ಲಿ ಮಾತ್ರ ದಾಲ್ಚಿನ್ನಿ ತೋಟ ಉಳಿದುಕೊಂಡಿದೆ.

ಅದಕ್ಕೂ ಹಿಂದಿನ ಕಥೆಗಳು ಇನ್ನೂ ಮಜವಾಗಿವೆ. ಎರಡೂವರೆ ಸಾವಿರ ವರ್ಷದ ಹಿಂದೆ ಗ್ರೀಕರ ಹೆರೊಡೋಟಸ್ ಒಂದು ಕಥೆ ಬರೆದಿಟ್ಟ. ದೈತ್ಯ ಹಕ್ಕಿಗಳು ಎಲ್ಲಿಂದಲೋ ದಾಲ್ಚಿನ್ನಿ ಕಡ್ಡಿ ತಂದು ಬಂಡೆಯ ಮೇಲೆ ಗೂಡು ಕಟ್ಟುತ್ತವೆ. ಅರಬರು ಕೆಳಗೆ ದೊಡ್ಡ ದೊಡ್ಡ ಮಾಂಸದ ತುಂಡು ಇಡುತ್ತಾರೆ. ಹಕ್ಕಿ ಅದನ್ನು ಗೂಡಿಗೆ ಒಯ್ದಾಗ ಭಾರಕ್ಕೆ ಗೂಡು ಕುಸಿಯುತ್ತದೆ. ಕಡ್ಡಿ ಆರಿಸಿಕೊಳ್ಳುವುದು! ಸುಮಾರು ಐನೂರು ವರ್ಷ ಕಳೆದು ರೋಮಿನ ಪ್ಲಿನಿ ಇದನ್ನು ಓದಿ, ಇದೆಲ್ಲ ಬೆಲೆ ಏರಿಸಲು ಕಟ್ಟಿದ ಕಥೆ ಎಂದ. ವ್ಯಾಪಾರದ ಬುದ್ಧಿ ಆಗಲೂ ಇತ್ತು, ಅದನ್ನು ಹಿಡಿದು ಹೇಳುವವರೂ ಆಗಲೇ ಇದ್ದರು.

ದಾಲ್ಚಿನ್ನಿಯ ಆಸೆಗೆ ಬಿದ್ದು ಅಮೆಜಾನ್ ನದಿ ಉದ್ದಕ್ಕೂ ಹೋದವರ ಕಥೆ ನಮ್ಮಲ್ಲಿ ಅಷ್ಟಾಗಿ ಗೊತ್ತಿಲ್ಲ. 1541ರಲ್ಲಿ ಗೊನ್ಸಾಲೊ ಪಿಸಾರೊ ಎಂಬ ಸ್ಪೇನಿನವನು ಈಗಿನ ಇಕ್ವಡಾರ್‌ನ ಕ್ವಿಟೊದಿಂದ ಹೊರಟ. ಪೂರ್ವದ ಕಾಡಿನಲ್ಲಿ ದಾಲ್ಚಿನ್ನಿಯ ಸೀಮೆಯೇ ಇದೆ ಎಂಬ ಸುದ್ದಿ ನಂಬಿಕೊಂಡು ಹೋದ. ಜೊತೆಗೆ ಸಾವಿರಾರು ಮೂಲನಿವಾಸಿಗಳನ್ನು ಹೊರೆ ಹೊರಿಸಿ ಎಳೆದುಕೊಂಡು ಹೋದ. ಅವರಲ್ಲಿ ಹೆಚ್ಚಿನವರು ಹಿಂದೆ ಬರಲಿಲ್ಲ. ಮರಗಳು ಸಿಕ್ಕವು, ಆದರೆ ಚದುರಿ ಚದುರಿ ಅಲ್ಲೊಂದು ಇಲ್ಲೊಂದು. ಅದು ಶ್ರೀಲಂಕಾದ ದಾಲ್ಚಿನ್ನಿಯೂ ಆಗಿರಲಿಲ್ಲ. ಅದೇ ದೊಡ್ಡ ಕುಟುಂಬದ ಬೇರೊಂದು ಮರ, ಅಲ್ಲಿನವರು ಇಶ್ಪಿಂಗೊ ಎನ್ನುತ್ತಾರೆ. ಅದರ ಹೂವಿನ ಬುಡದ ಬಟ್ಟಲನ್ನು ಒಣಗಿಸಿ ಇವತ್ತಿಗೂ ಇಕ್ವಡಾರ್‌ನಲ್ಲಿ ಹಿರಿಯರ ಹಬ್ಬದ ಪಾನಕಕ್ಕೆ ಹಾಕುತ್ತಾರೆ. ಪಿಸಾರೊನ ಗುಂಪಿಗೆ ಅನ್ನ ಮುಗಿಯಿತು. ಊಟ ಹುಡುಕಿ ತರುತ್ತೇನೆ ಎಂದು ಕೆಲವರ ಜೊತೆ ದೋಣಿ ಹತ್ತಿ ಹೋದ ಅವನ ಸಹಚರ ಒರೆಲ್ಲಾನ ವಾಪಸ್ ಬರಲೇ ಇಲ್ಲ. ನದಿಯ ಜೊತೆ ತೇಲುತ್ತಾ 1542ರಲ್ಲಿ ಅಟ್ಲಾಂಟಿಕ್ ಸಮುದ್ರ ಮುಟ್ಟಿದ. ಅಮೆಜಾನ್ ನದಿಯನ್ನು ಉದ್ದಕ್ಕೂ ಇಳಿದ ಮೊದಲ ಯುರೋಪಿಯನ್ನರು ಇವರೇ. ಒಂದು ಚೂರು ಚಕ್ಕೆಗೆ ಹೊರಟು ಏನೇನು ಆಯಿತು ನೋಡಿ.

ಸರಿ, ನಮ್ಮ ಅಡಿಗೆಮನೆಗೆ ಬರೋಣ. ಬಿಸಿಬೇಳೆ ಭಾತ್ ಪುಡಿಗೆ, ಪಲಾವ್‌ಗೆ, ಕೋಳಿ ಸಾರಿಗೆ, ದೊನ್ನೆ ಬಿರಿಯಾನಿಗೆ ನಾವು ಹಾಕುವ ದಪ್ಪನೆಯ, ಕಂದು ಬಣ್ಣದ, ಮುರಿದರೆ ಟಕ್ ಅನ್ನುವ ಚಕ್ಕೆ ಇದೆಯಲ್ಲ, ಅದು ಮೇಲೆ ಹೇಳಿದ್ದಲ್ಲ. ಪುತ್ತೂರಿನ ದಿನಸಿ ಅಂಗಡಿಯೊಂದರಲ್ಲಿ ಇದನ್ನು ಕೇಳಿದ್ದೆ.

“ಚಕ್ಕೆಯಲ್ಲಿ ಎರಡು ಬಗೆ ಉಂಟಾ ಮಾರಾಯ್ರೇ?”

“ಉಂಟು. ಒಂದು ಚಕ್ಕೆ, ಒಂದು ಸಿಲೋನಿನದ್ದು. ಸಿಲೋನಿನದ್ದು ಯಾರೂ ಕೇಳುವುದಿಲ್ಲ, ರೇಟು ಜಾಸ್ತಿ. ನಿಮಗೆ ಸಾರಿಗಾ, ಮದ್ದಿಗಾ?”

ಸಾರಿಗೋ ಮದ್ದಿಗೋ ಎಂದು ಅವರು ಕೇಳಿದ್ದು ಬಹಳ ಸರಿಯಾದ ಪ್ರಶ್ನೆ. ಅದಕ್ಕೆ ಆಮೇಲೆ ಬರುತ್ತೇನೆ.

ಸಿಲೋನ್ ಅಂದರೆ ಶ್ರೀಲಂಕಾದ ಹಳೆಯ ಹೆಸರು. ನಾವು ಚಕ್ಕೆ ಎನ್ನುವುದು ಹೆಚ್ಚಾಗಿ ಕ್ಯಾಸಿಯಾ. ದಾಲ್ಚಿನ್ನಿಯ ಹತ್ತಿರದ ಸಂಬಂಧಿ ಮರಗಳದ್ದು. ಚೀನಾ, ವಿಯೆಟ್ನಾಂ, ಇಂಡೋನೇಷ್ಯಾದಿಂದ ಬರುತ್ತದೆ. ಗುರುತಿಸುವುದು ಸುಲಭ. ಸಿಲೋನಿನ ಸುರುಳಿಯೊಳಗೆ ತೆಳ್ಳನೆಯ ಪದರಗಳು ಒತ್ತೊತ್ತಾಗಿ ತುಂಬಿರುತ್ತವೆ, ಕೈಯಲ್ಲೇ ಪುಡಿಯಾಗುತ್ತದೆ, ಬಣ್ಣ ತಿಳಿ. ಕ್ಯಾಸಿಯಾ ಒಂದೇ ದಪ್ಪ ಪದರ, ಎರಡು ಅಂಚೂ ಒಳಕ್ಕೆ ಸುತ್ತಿಕೊಂಡಿರುತ್ತದೆ ಇಲ್ಲವೇ ಚಪ್ಪಟೆ ತುಂಡಾಗಿರುತ್ತದೆ. ಮಿಕ್ಸಿಯ ಬ್ಲೇಡಿಗೂ ಸವಾಲು. ಪುಡಿ ಮಾಡಿದ ಮೇಲೆ ಮಾತ್ರ ಯಾವುದು ಯಾವುದು ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ. ಮೋಸ ನಡೆಯುವುದು ಅಲ್ಲೇ.

ಕ್ಯಾಸಿಯಾ ಕೀಳು ಎಂದು ಬರೆಯುವವರು ಬಹಳ ಜನ. ನನಗೆ ಹಾಗೆ ಅನ್ನಿಸುವುದಿಲ್ಲ. ಮಸಾಲೆ ರುಬ್ಬಿ ಕುದಿಸುವ ನಮ್ಮ ಅಡಿಗೆಗೆ ಅದರ ಜೋರು ಘಾಟೇ ಸರಿ. ಸಿಲೋನಿನ ನವಿರು ಪರಿಮಳವನ್ನು ಕೋಳಿ ಸಾರಿಗೆ ಹಾಕಿದರೆ ಮೆಣಸು, ಬೆಳ್ಳುಳ್ಳಿ ನಡುವೆ ಅದು ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ. ಅದು ಪಾಯಸಕ್ಕೆ, ಚಹಾಕ್ಕೆ. ಮೆಕ್ಸಿಕೊದವರು ಸಿಲೋನಿನದ್ದನ್ನೇ ಹಟ ಹಿಡಿದು ಕೊಳ್ಳುತ್ತಾರೆ. ಅವರ ಕಾಫಿಗೂ ಚಾಕೊಲೇಟ್‌ಗೂ ಅದೇ ಬೇಕು.

ಕ್ಯಾಸಿಯಾದ ಮರಕ್ಕೆ ಏನಾಗುತ್ತದೆ ಎನ್ನುವುದೂ ಬೇರೆ ಕಥೆ. ಸುಮಾತ್ರಾದ ಕೆರಿಂಚಿ ಎಂಬ ಬೆಟ್ಟದ ಸೀಮೆಯಲ್ಲಿ ರೈತರು ಈ ಮರಗಳನ್ನು ಗುಡ್ಡದ ಮೇಲೆ ಬೆಳೆಸುತ್ತಾರೆ. ಅಲ್ಲಿ ಮರ ಮರವಾಗಿಯೇ ಬೆಳೆಯುತ್ತದೆ. ಹತ್ತು ವರ್ಷವೋ ಹದಿನೈದೋ, ಇನ್ನೂ ಹೆಚ್ಚೋ. ವಯಸ್ಸಾದಷ್ಟೂ ತೊಗಟೆ ದಪ್ಪ, ಬೆಲೆ ಹೆಚ್ಚು. ಮನೆಯಲ್ಲಿ ಮದುವೆ ಬಂತು, ಮಗನ ಕಾಲೇಜು ಫೀಸು ಬಂತು, ಆಗ ಕಡಿಯುವುದು. ಬ್ಯಾಂಕಿನ ಡಿಪಾಸಿಟ್ ಇದ್ದ ಹಾಗೆ. ಬುಡದ ಕಡೆಯ ತೊಗಟೆಯನ್ನು ಮರ ನಿಂತಿರುವಾಗಲೇ ಸುಲಿಯುತ್ತಾರೆ, ಆಮೇಲೆ ಮರ ಉರುಳಿಸಿ ಮೇಲಿನದ್ದು. ಬುಡ ಚಿಗುರಬಹುದು, ಇಲ್ಲವೇ ಹೊಸ ಸಸಿ ನೆಡುತ್ತಾರೆ. ಬೆಲೆ ಬಿದ್ದರೆ ಕಡಿಯದೆ ಸುಮ್ನೆ ಬಿಡುತ್ತಾರೆ. ಶ್ರೀಲಂಕಾದ ಪೊದೆಗೆ ಆ ಸೌಕರ್ಯ ಇಲ್ಲ. ಹೊತ್ತಿಗೆ ಕಡಿಯದಿದ್ದರೆ ಕೋಲು ಬಲಿತು ಒಳ್ಳೆಯ ಸುರುಳಿಗೆ ಬಾರದು.

ಈಗ ಮದ್ದಿನ ಮಾತು. ವಾಟ್ಸಾಪಿನಲ್ಲಿ ಬರುವ ಸಂದೇಶ ನೀವೂ ನೋಡಿರುತ್ತೀರಿ. ದಿನಾ ಬೆಳಿಗ್ಗೆ ಒಂದು ಚಮಚ ಚಕ್ಕೆ ಪುಡಿ, ಜೇನುತುಪ್ಪ, ಬಿಸಿನೀರು. ಸಕ್ಕರೆ ಕಾಯಿಲೆ ಮಾಯ. ಇದಕ್ಕೆ ಒಂದು ಬುಡ ಇಲ್ಲದಿಲ್ಲ. 2003ರಲ್ಲಿ ಪಾಕಿಸ್ತಾನದಲ್ಲಿ ಸಕ್ಕರೆ ಕಾಯಿಲೆಯ 60 ಜನರ ಮೇಲೆ ಒಂದು ಅಧ್ಯಯನ ನಡೆಯಿತು. ದಿನಕ್ಕೆ 1, 3, 6 ಗ್ರಾಂ ಕೊಟ್ಟು ನೋಡಿದರು, ರಕ್ತದ ಸಕ್ಕರೆ ಇಳಿಯಿತು ಎಂದರು. ಜಗತ್ತಿಗೆಲ್ಲ ಸುದ್ದಿಯಾಯಿತು. ಆಮೇಲೆ ಬೇರೆ ಕಡೆ ಮಾಡಿದಾಗ ಕೆಲವು ಕಡೆ ಇಳಿಯಿತು, ಕೆಲವು ಕಡೆ ಇಲ್ಲ. 2012ರಲ್ಲಿ, ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ವಿಮರ್ಶೆ 10 ಪ್ರಯೋಗಗಳ 577 ಜನರ ಲೆಕ್ಕ ಒಟ್ಟು ಹಾಕಿ, ಸಕ್ಕರೆ ಕಾಯಿಲೆಗೆ ದಾಲ್ಚಿನ್ನಿ ಕೊಡಿ ಎನ್ನಲು ಸಾಕಷ್ಟು ಪುರಾವೆ ಇಲ್ಲ ಎಂದಿತು. ಈ ಎರಡನೆಯ ಸುದ್ದಿಯನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ.

ಅಂಗಡಿಯವರ ಪ್ರಶ್ನೆ ಇಲ್ಲಿ ಮುಖ್ಯವಾಗುತ್ತದೆ. ಕ್ಯಾಸಿಯಾದಲ್ಲಿ ಕೂಮರಿನ್ ಎಂಬ ವಸ್ತು ಇದೆ. ಹೆಚ್ಚಾದರೆ ಕೆಲವರ ಪಿತ್ತಜನಕಾಂಗಕ್ಕೆ ತೊಂದರೆ. ಸಿಲೋನಿನದ್ದರಲ್ಲಿ ಅದು ಇದ್ದೂ ಇಲ್ಲದಷ್ಟು ಕಡಿಮೆ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಹೇಳುವ ಮಿತಿ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 0.1 ಮಿಲಿಗ್ರಾಂ. 60 ಕಿಲೋ ತೂಕದವರಿಗೆ 6 ಮಿಲಿಗ್ರಾಂ. ಒಂದು ಗ್ರಾಂ ಕ್ಯಾಸಿಯಾ ಪುಡಿಯಲ್ಲಿ ಸುಮಾರು 2ರಿಂದ 4 ಮಿಲಿಗ್ರಾಂ ಇರಬಹುದು. ದಿನಾ ಒಂದು ತುಂಬು ಚಮಚ ಅಂದರೆ ಮಿತಿ ಮುಟ್ಟಿತು, ಕೆಲವೊಮ್ಮೆ ದಾಟಿತು. ಪಲಾವ್‌ಗೆ ಹಾಕುವ ಒಂದು ಇಂಚಿನ ತುಂಡಿಗೆ ಹೆದರಬೇಕಾಗಿಲ್ಲ. ಎಲ್ಲರಿಗೂ ಹಂಚಿಹೋಗುತ್ತದೆ, ತುಂಡನ್ನು ತಟ್ಟೆಯ ಬದಿಗೂ ಎತ್ತಿಡುತ್ತೇವೆ. ತಿಂಗಳುಗಟ್ಟಲೆ ಚಮಚದಲ್ಲಿ ನುಂಗುವವರು ಮಾತ್ರ ಡಾಕ್ಟರನ್ನು ಒಮ್ಮೆ ಕೇಳುವುದು ಒಳ್ಳೆಯದು, ಅದರಲ್ಲೂ ಬೇರೆ ಮಾತ್ರೆ ತೆಗೆದುಕೊಳ್ಳುವವರು.

ನಮ್ಮ ಹಳೆಯ ವೈದ್ಯರು ಈ ತೊಗಟೆಯ ವಿಷಯದಲ್ಲಿ ಬಹಳ ಜಿಪುಣರು. ಕೆಮ್ಮಿಗೆ ಕೊಡುವ ಸಿತೋಪಲಾದಿ ಚೂರ್ಣದ ಲೆಕ್ಕ ನೋಡಿ. ಕಲ್ಲುಸಕ್ಕರೆ 16 ಪಾಲು, ವಂಶಲೋಚನ 8, ಹಿಪ್ಪಲಿ 4, ಏಲಕ್ಕಿ 2, ದಾಲ್ಚಿನ್ನಿ 1. ಒಟ್ಟು 31ರಲ್ಲಿ ಒಂದೇ ಒಂದು ಪಾಲು. ಅದನ್ನೂ ಜೇನಿನಲ್ಲಿ ಕಲಸಿ ನೆಕ್ಕುವುದು ಚಿಟಿಕೆಗಳ ಲೆಕ್ಕದಲ್ಲಿ. ಚಮಚ ತುಂಬುವ ಅಭ್ಯಾಸ ನಮಗೆ ಎಲ್ಲಿಂದ ಬಂತೋ.

ಪುಡಿ ಕೊಳ್ಳುವುದನ್ನು ನಾನು ಬಿಟ್ಟಿರುವುದಕ್ಕೆ ಇನ್ನೊಂದು ಕಾರಣ ಇದೆ. 2023ರಲ್ಲಿ ಅಮೆರಿಕದಲ್ಲಿ ದಾಲ್ಚಿನ್ನಿ ಬೆರೆಸಿದ ಸೇಬಿನ ಗೊಜ್ಜು ತಿಂದ ನೂರಾರು ಮಕ್ಕಳ ರಕ್ತದಲ್ಲಿ ಸೀಸ ಸಿಕ್ಕಿತು. ಇಕ್ವಡಾರ್‌ನಲ್ಲಿ ಬೀಸಿದ ದಾಲ್ಚಿನ್ನಿ ಪುಡಿಯಲ್ಲಿ ಸೀಸ ಮತ್ತು ಕ್ರೋಮಿಯಂ ಎರಡೂ ಇದ್ದವು. ಬಣ್ಣಕ್ಕೋ ತೂಕಕ್ಕೋ ಸೀಸದ ಕ್ರೋಮೇಟ್ ಬೆರೆಸಿರಬಹುದು ಎಂಬುದು ಅಮೆರಿಕದ ಅಧಿಕಾರಿಗಳ ಅಂದಾಜು. ಇಡೀ ಚಕ್ಕೆಗೆ ಹೀಗೆಲ್ಲ ಬೆರೆಸುವುದು ಕಷ್ಟ.

ತೊಗಟೆಯ ಮದ್ದು ಅಂದರೆ ನಮ್ಮ ಕರಾವಳಿಯವರಿಗೆ ಮೊದಲು ನೆನಪಾಗುವುದು ದಾಲ್ಚಿನ್ನಿ ಅಲ್ಲ, ಪಾಲೆಯ ಕೆತ್ತೆ. ತುಳುವರ ಆಟಿ ತಿಂಗಳ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮುಂಚೆ ಹೋಗಿ ಹಾಲೆ ಮರದ ತೊಗಟೆ ತರುತ್ತಾರೆ. ಅರೆದು ರಸ ತೆಗೆದು, ಓಮ, ಬೆಳ್ಳುಳ್ಳಿ, ಕಾಳುಮೆಣಸು ಸೇರಿಸಿ, ಕಾಯಿಸಿದ ಬಿಳಿ ಕಲ್ಲನ್ನು ಚುಯ್ ಎಂದು ಅದರಲ್ಲಿ ಹಾಕಿ, ಖಾಲಿ ಹೊಟ್ಟೆಗೆ ಕುಡಿಯುವುದು. ಪರಿಮಳಕ್ಕೂ ಅದಕ್ಕೂ ಸಂಬಂಧ ಇಲ್ಲ, ವಿಪರೀತ ಕಹಿ. ಆದರೆ ಅದರ ಕಟ್ಟಳೆ ನನಗೆ ಇಷ್ಟ. ಕೆತ್ತೆಯನ್ನು ಕಲ್ಲಿನಿಂದ ಜಜ್ಜಿ ತೆಗೆಯಬೇಕು, ಕತ್ತಿ ಮುಟ್ಟಿಸಬಾರದು. ವರ್ಷಕ್ಕೆ ಒಂದೇ ದಿನ. ಕಲ್ಲಿನಿಂದ ಎಷ್ಟು ತಾನೇ ತೆಗೆಯಲು ಆಗುತ್ತದೆ? ಮರದ ಒಂದು ಬದಿಯಲ್ಲಿ ಅಂಗೈ ಅಗಲದ ಗಾಯ, ಮುಂದಿನ ಆಟಿಗೆ ಕೂಡಿಕೊಂಡಿರುತ್ತದೆ. ಮರ ಉಳಿಸಲೆಂದೇ ಈ ಕಟ್ಟಳೆ ಮಾಡಿದರು ಎಂದು ನಾನು ಹೇಳುವುದಿಲ್ಲ. ಆದರೆ ಮರ ಉಳಿದಿದೆ. ಕತ್ತಲಲ್ಲಿ ಹಾಲೆ ಎಂದು ಬೇರೆ ಮರದ ಕೆತ್ತೆ ತಂದು ಪ್ರಾಣಕ್ಕೆ ಕುತ್ತು ತಂದುಕೊಂಡವರೂ ಇದ್ದಾರೆ. ಹಾಗಾಗಿ ಮರದ ಗುರುತು ಹಿಂದಿನ ದಿನವೇ ಮಾಡಿಟ್ಟುಕೊಳ್ಳುವುದು ರೂಢಿ.

ಅಂಥ ಕಟ್ಟಳೆಯೂ ಇಲ್ಲದ, ಕಡಿದರೆ ಸರಾಗವಾಗಿ ಕೋಲು ಕೊಡುವ ಗುಣವೂ ಇಲ್ಲದ ಮರಗಳ ಗತಿ ನೋಡಬೇಕಾದರೆ ದೂರ ಹೋಗಬೇಕಿಲ್ಲ. ಮಲೆನಾಡಿನ ಗುಳುಮಾವು ದಾಲ್ಚಿನ್ನಿಯ ಕುಟುಂಬದ್ದೇ ಮರ. ಅದರ ತೊಗಟೆಯ ಪುಡಿಗೆ ನೀರು ಬೆರೆಸಿದರೆ ಅಂಟಾಗುತ್ತದೆ. ಊದುಬತ್ತಿಯ ಕಡ್ಡಿಗೆ ಹಿಟ್ಟು ಹಿಡಿದುಕೊಳ್ಳಲು ಬೇಕಾದ ಜಿಗಟು ಅದು. ಮೈಸೂರು, ಬೆಂಗಳೂರು ಊದುಬತ್ತಿಗೆ ಹೆಸರಾದ ಊರುಗಳು. ಅಂಟಿನ ಬೇಡಿಕೆ ಏರಿದಂತೆ ಪಶ್ಚಿಮ ಘಟ್ಟದಲ್ಲಿ ಗುಳುಮಾವಿನ ಮರಗಳನ್ನು ಕದ್ದು ಸುಲಿಯುವ ಹಾವಳಿ ಶುರುವಾಯಿತು. ಕೈಗೆ ಎಟುಕುವಷ್ಟು ಎತ್ತರಕ್ಕೆ ಸುತ್ತಲೂ ಬೋಳಿಸಿ ಹೋಗುತ್ತಾರೆ. ಮೇಲೆ ಹಸಿರು, ಕೆಳಗೆ ಬೇರಿಗೆ ಉಪವಾಸ. ದೇವರ ಮುಂದೆ ಹಚ್ಚುವ ಊದುಬತ್ತಿಯಲ್ಲಿ ಇದೂ ಇದೆ ಎಂದು ನಮಗೆ ಹೊಳೆಯುವುದಿಲ್ಲ, ಅಲ್ವಾ?

ಉತ್ತರ ಕನ್ನಡದ ಕಾಡು ದಾಲ್ಚಿನ್ನಿಯದೂ ಹೆಚ್ಚುಕಡಿಮೆ ಇದೇ ಪಾಡು. ಅಲ್ಲಿ ಬೇಡಿಕೆ ತೊಗಟೆಗಿಂತ ದಾಲ್ಚಿನ್ನಿ ಮೊಗ್ಗಿಗೆ. ಎತ್ತರದ ಮರ, ಸಣ್ಣ ಮೊಗ್ಗು. ಒಂದೊಂದಾಗಿ ಕೊಯ್ಯುವ ತಾಳ್ಮೆ ಯಾರಿಗಿದೆ? ಕೊಂಬೆಯನ್ನೇ ಕಡಿದು ಕೆಳಗೆ ಹಾಕುತ್ತಾರೆ.

ಆಫ್ರಿಕಾದ ಒಂದು ಮರದ ವಿಷಯದಲ್ಲಿ ಮಾತ್ರ ಸ್ವಲ್ಪ ಸಮಾಧಾನ ಇದೆ. ವಾರ್ಬರ್ಗಿಯಾ ಎಂದು ಅದರ ಹೆಸರು, ಜುಲು ಜನ ಇಸಿಭಾಹ ಎನ್ನುತ್ತಾರೆ. ತೊಗಟೆ ಕಾಳುಮೆಣಸಿನಷ್ಟು ಖಾರ, ಕೆಮ್ಮು ಕಫಕ್ಕೆ ಮದ್ದು. ದಕ್ಷಿಣ ಆಫ್ರಿಕಾದಲ್ಲಿ ಸುಲಿದು ಸುಲಿದು, ರಕ್ಷಿತ ಕಾಡಿನ ಹೊರಗೆ ಅದು ಕಾಣುವುದೇ ಅಪರೂಪ ಎನ್ನುವ ಸ್ಥಿತಿ ಬಂತು. ಸಂಶೋಧಕರು ಎಲೆ ಪರೀಕ್ಷಿಸಿ ನೋಡಿದರು. ತೊಗಟೆಯಲ್ಲಿರುವ ಖಾರದ ಅಂಶಗಳು ಎಲೆಯಲ್ಲೂ ಇದ್ದವು. ಕ್ರೂಗರ್ ರಾಷ್ಟ್ರೀಯ ಉದ್ಯಾನದವರು ಸಸಿ ಬೆಳೆಸಿ ಅಲ್ಲಿನ ನಾಟಿ ವೈದ್ಯರಿಗೆ ಹಂಚಿದರು. ಮನೆ ಹಿತ್ತಿಲಲ್ಲಿ ನೆಡಿ, ಎಲೆ ಕೊಯ್ಯಿರಿ ಎಂದರು. ಬೈದು, ದಂಡ ಹಾಕಿ ಮಾಡುವುದಕ್ಕಿಂತ ಇದು ಎಷ್ಟೋ ಮೇಲು ಎಂದು ನನಗೆ ಅನ್ನಿಸುತ್ತದೆ.

ಇದಕ್ಕೆ ಪೂರ್ತಿ ಉಲ್ಟಾ ಆದದ್ದು ಸೇಶೆಲ್ಸ್ ದ್ವೀಪದಲ್ಲಿ. 1770ರ ದಶಕದಲ್ಲಿ ಫ್ರೆಂಚರು ಅಲ್ಲಿ ಗುಟ್ಟಾಗಿ ಮಸಾಲೆ ತೋಟ ಹಾಕಿದರು. 1780ರಲ್ಲಿ ಶತ್ರುಗಳ ಹಡಗು ಬಂತು ಎಂದು ಹೆದರಿ, ಅವರ ಕೈಗೆ ಸಿಗಬಾರದೆಂದು ತಾವೇ ತೋಟಕ್ಕೆ ಬೆಂಕಿ ಇಟ್ಟರು. ಬಂದದ್ದು ಫ್ರೆಂಚ್ ಹಡಗೇ ಆಗಿತ್ತಂತೆ. ಅಷ್ಟರಲ್ಲಿ ಹಕ್ಕಿಗಳು ದಾಲ್ಚಿನ್ನಿ ಹಣ್ಣು ತಿಂದು ಬೀಜವನ್ನು ಗುಡ್ಡವೆಲ್ಲ ಹರಡಿಯಾಗಿತ್ತು. ಇವತ್ತು ಅಲ್ಲಿನ ಮಾಹೆ ದ್ವೀಪದ ಬೆಟ್ಟದ ಕಾಡಿನಲ್ಲಿ ಎಲ್ಲಿ ನೋಡಿದರೂ ದಾಲ್ಚಿನ್ನಿ. ಅಲ್ಲಿನ ಸ್ವಂತ ಮರಗಳಿಗೆ ಜಾಗ ಇಲ್ಲ. ತೆಗೆದುಹಾಕೋಣ ಎಂದು ಕಡಿದರೆ ಬುಡದಿಂದ ನಾಲ್ಕಾರು ಚಿಗುರು ಏಳುತ್ತವೆ. ಗಾಲ್‌ನ ರೈತನಿಗೆ ಅನ್ನ ಕೊಡುವ ಗುಣವೇ ಅಲ್ಲಿನ ಕಾಡು ಕಾಯುವವರಿಗೆ ತಲೆನೋವು.

ಹಾಗಾದರೆ ನಾವೇ ಯಾಕೆ ಬೆಳೆಯಬಾರದು ಎಂದು ಕೇಳಬಹುದು. ಬೆಳೆದಿದ್ದಾರೆ. ಕಣ್ಣೂರು ಹತ್ತಿರದ ಅಂಜರಕಂಡಿಯಲ್ಲಿ ಈಸ್ಟ್ ಇಂಡಿಯಾ ಕಂಪನಿ 18ನೇ ಶತಮಾನದ ಕೊನೆಗೇ ಮಸಾಲೆ ತೋಟ ಮಾಡಿಸಿತ್ತು. ಮರ್ಡಾಕ್ ಬ್ರೌನ್ ಎಂಬವನು ನೋಡಿಕೊಳ್ಳುತ್ತಿದ್ದ ಆ ತೋಟ ಮುಂದೆ ದಾಲ್ಚಿನ್ನಿಗೆ ಹೆಸರಾಯಿತು. ಕೋಯಿಕ್ಕೋಡಿನ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆ ನವಶ್ರೀ, ನಿತ್ಯಶ್ರೀ ಎಂಬ ತಳಿಗಳನ್ನು ಬಿಡುಗಡೆ ಮಾಡಿದೆ. ನಮ್ಮ ಕರಾವಳಿಯ, ಮಲೆನಾಡಿನ ಮಣ್ಣು ಮಳೆ ಎರಡೂ ಅದಕ್ಕೆ ಹಿಡಿಸುತ್ತದೆ. ಎಷ್ಟೋ ತೋಟದ ಅಂಚಿನಲ್ಲಿ ಒಂದೊಂದು ದಾಲ್ಚಿನ್ನಿ ಮರ ಈಗಲೂ ಇದೆ. ಬುಡದಿಂದಲೇ ಮೂರು ನರ ಎದ್ದು ಕಾಣುವ ಎಲೆ, ಉಜ್ಜಿದರೆ ಘಮ್ಮೆನ್ನುತ್ತದೆ. ಪಲಾವ್‌ಗೆ ಎಲೆ ಕಿತ್ತುಕೊಳ್ಳುತ್ತೇವೆ, ಕಷಾಯಕ್ಕೆ ಒಂದು ಚೂರು ತೊಗಟೆ ಕೆತ್ತಿಕೊಳ್ಳುತ್ತೇವೆ. ಅಲ್ಲಿಗೆ ನಿಂತಿದೆ.

ತೊಡಕು ಇರುವುದು ಸುಲಿಯುವುದರಲ್ಲಿ. ಶ್ರೀಲಂಕಾದಲ್ಲೇ ಸುಲಿಯುವವರು ಸಾಲದು. ಜಾತಿಯ ಹಣೆಪಟ್ಟಿ ಅಂಟಿದ ಕೆಲಸ ಎಂದು ಹೊಸ ತಲೆಮಾರು ದೂರ ಸರಿಯುತ್ತಿದೆ. 2022ರಲ್ಲಿ ‘ಸಿಲೋನ್ ದಾಲ್ಚಿನ್ನಿ’ಗೆ ಯುರೋಪಿನಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಹೆಸರಿಗೆ ರಕ್ಷಣೆ ಬಂತು, ನೆಲದ ಮೇಲೆ ದಿನವಿಡೀ ಕೂರುವ ಕೆಲಸಕ್ಕೆ ಜನ ಬರಬೇಕಲ್ಲ. ನಮ್ಮಲ್ಲಿ ಅಡಿಕೆ ಸುಲಿಯುವ ಯಂತ್ರ ಬಂದು ಆ ಚಿಂತೆ ಎಷ್ಟೋ ತಗ್ಗಿತು. ದಾಲ್ಚಿನ್ನಿಗೂ ಯಂತ್ರ ಮಾಡಿ ನೋಡಿದ್ದಾರೆ. ಒಂದೊಂದು ಕೋಲಿಗೆ ಒಂದೊಂದು ದಪ್ಪ, ಒಂದೊಂದು ಗಂಟು. ಒಳತೊಗಟೆ ಹರಿಯದ ಹಾಗೆ ಬಿಡಿಸುವುದು ಈಗಲೂ ಕೈ ಕೆಲಸವೇ.

ಕೊಗ್ಗಲದಲ್ಲಿ ತೆಗೆದ ವೀಡಿಯೊವನ್ನು ಪುತ್ತೂರಿನ ನಮ್ಮ ಚಿಕ್ಕಪ್ಪನಿಗೆ ತೋರಿಸಿದ್ದೆ. ತೋಟದ ಬೇಲಿ ಬದಿಯಲ್ಲಿ ಅವರು ನೆಟ್ಟ ಒಂದು ಸಾಲು ಗಿಡ ಈಗ ಎದೆಯುದ್ದ ಬಂದಿದೆ. “ಮರ ಮಾಡಿದರೆ ನಿನಗೆ ಎಲೆ ಮಾತ್ರ ಮಾರಾಯ, ಪೊದೆ ಮಾಡಿದರೆ ಚಕ್ಕೆ,” ಎನ್ನುತ್ತಾರೆ. ಈ ಸಲ ಮಳೆ ಕಳೆದು ಚಿಗುರಿನ ಕೆಂಪು ಹೋದ ಮೇಲೆ ಬುಡ ಬಿಟ್ಟು ಕಡಿಯುತ್ತಾರಂತೆ. ಬಾಗಿದ ಕತ್ತಿಗೆ ಊರಿನ ಆಚಾರಿಗೆ ಹೇಳಿಯಾಗಿದೆ. ಹಿತ್ತಾಳೆ ಸರಳು ಮಾತ್ರ ಇನ್ನೂ ಸಿಕ್ಕಿಲ್ಲ, ಗುಜರಿ ಅಂಗಡಿಯವರಿಗೆ ಹೇಳಿಟ್ಟಿದ್ದಾರೆ.